ಮುರಿಯದ ಬೆಸುಗೆ

ಬೆಸುಗೆ ಮುರಿಯಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ ಎಂದಿಟ್ಟುಕೊಳ್ಳಿ. ಆದರೂ ಅದನ್ನು ಅಸಡ್ಡೆಯಿಂದ ಹಾಕಿದವನು ಹಿಂಸೆ ಮಾಡಿದಂತಾಯಿತೇ? ಫರೀದಾಬಾದಿನ ಒಂದು ತಗಡಿನ ಶೆಡ್ಡಿನಲ್ಲಿ ಈ ಪ್ರಶ್ನೆ ನನಗೂ ನನ್ನ ಅಕ್ಕನ ಮಗನಿಗೂ ನಡುವೆ ಎದ್ದಿತು. ಜೈನ ಮನೆಯಲ್ಲಿ ಹುಟ್ಟಿದವನಿಗೆ ಇದು ಹೊಸ ಪ್ರಶ್ನೆಯಲ್ಲ. ಆದರೆ ಕೆಂಡದಂಥ ಕಬ್ಬಿಣದ ಮುಂದೆ ಕೂತು ಅದನ್ನು ಕೇಳಿಕೊಂಡಾಗ ಅದರ ತೂಕ ಬೇರೆಯೇ ಇರುತ್ತದೆ.

ನಾನು ಅಥಣಿ ಕಡೆಯವನು. ಕೆಲಸದ ವರ್ಷಗಳೆಲ್ಲ ಇಲ್ಲಿನ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ತಪಾಸಣೆಯಲ್ಲೇ ಕಳೆದವು. ಅಳಿಯ ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ರಜೆಯ ದಿನ ಬಂದರೆ ಕೈಗೆ ಗ್ರೀಸು ಮೆತ್ತಿಕೊಳ್ಳದೆ ಇರಲಾರ. ಅವನು ಕಟ್ಟುತ್ತಿರುವುದು ಹಾಟ್ ರಾಡ್. ಅಮೆರಿಕದಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯಾದಲ್ಲಿ, ದುಡ್ಡಿಲ್ಲದ ಹುಡುಗರು ಹಳೆಯ ಫೋರ್ಡ್ ಗಾಡಿಗಳ ಮಡ್‌ಗಾರ್ಡು ಕಿತ್ತು, ಭಾರ ಇಳಿಸಿ, ದೊಡ್ಡ ಎಂಜಿನ್ ಕೂರಿಸಿ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಅಲ್ಲಿಂದ ಹುಟ್ಟಿದ ಹವ್ಯಾಸ ಇದು. ಇವನದು ಗುಜರಿಗೆ ಬಂದ ಜೀಪಿನ ಚಾಸಿ, ಹಳೆಯ ಜಿಪ್ಸಿಯ ಎಂಜಿನ್ನು. ಮುಂದಿನ ಸಸ್ಪೆನ್ಷನ್ ಮಾತ್ರ ಪೂರ್ತಿ ಕೈಯಿಂದಲೇ ಆಗಬೇಕು. ಗಾಡಿ ನೆಲಕ್ಕೆ ತಗ್ಗಿ ಕೂರಬೇಕೆಂದರೆ ಜೀಪಿನದ್ದು ಹೊಂದುವುದಿಲ್ಲ.

ಅದರ ರಚನೆ ಸರಳ. ದಪ್ಪ ಗೋಡೆಯ ಒಂದು ಸೀಮ್‌ಲೆಸ್ ಪೈಪೇ ಆಕ್ಸಲ್. ಎರಡೂ ತುದಿಗೆ ಕಿಂಗ್‌ಪಿನ್ ಕೂರುವ ಬಾಸು, ಅದರಲ್ಲಿ ತಿರುಗುವ ಸ್ಟಬ್ ಆಕ್ಸಲ್, ಅದರ ಮೇಲೆ ಚಕ್ರ. ಆಕ್ಸಲ್ಲಿನ ಮೇಲೆ ಅಡ್ಡಲಾಗಿ ಪಟ್ಟಿ ಸ್ಪ್ರಿಂಗು. ಇಲ್ಲಿನ ಮಿಸ್ತ್ರಿಗಳು ಅದಕ್ಕೆ ಕಮಾನಿ ಅನ್ನುತ್ತಾರೆ. ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಚಾಸಿಗೆ ಕಟ್ಟುವ ಎರಡು ರೇಡಿಯಸ್ ರಾಡುಗಳು, ಅಕ್ಕಪಕ್ಕ ಜಾರದಂತೆ ಹಿಡಿಯುವ ಇನ್ನೊಂದು ಅಡ್ಡ ರಾಡು. ಕಿಂಗ್‌ಪಿನ್ನು ಆರೇಳು ಡಿಗ್ರಿ ಹಿಂದಕ್ಕೆ ವಾಲಿರಬೇಕು; ಆಗ ತಿರುವಿನ ನಂತರ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಇಷ್ಟೇ. ಆದರೆ ಬ್ರೇಕು ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ನುಗ್ಗುತ್ತದೆ, ಚಕ್ರ ಆಕ್ಸಲ್ಲನ್ನು ತಿರುಚಲು ನೋಡುತ್ತದೆ, ಆ ತಿರುಚನ್ನೆಲ್ಲ ಬೆಸುಗೆ ಹಾಕಿದ ನಾಲ್ಕಾರು ಬ್ರಾಕೆಟ್ಟುಗಳೇ ತಡೆಯಬೇಕು. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಮುಂದಿನ ಬ್ರಾಕೆಟ್ಟು ಬಿಟ್ಟರೆ ಗಾಡಿ ನಿಲ್ಲುವುದಿಲ್ಲ, ಎತ್ತ ಬೇಕೋ ಅತ್ತ ಹೋಗುತ್ತದೆ.

ಆ ಬ್ರಾಕೆಟ್ಟುಗಳನ್ನು ಅಳಿಯ ಒಬ್ಬ ಮಿಸ್ತ್ರಿಯ ಕೈಯಲ್ಲಿ ಬೆಸೆಸಿ ತಂದಿದ್ದ. ನೋಡಲು ಬಹಳ ಅಂದ, ಮೀನಿನ ಪೊರೆಯಂತೆ ಒಂದರ ಮೇಲೊಂದು ಅಲೆ. "ಮಾಮಾ, ಎಷ್ಟು ಚೆಂದ ಬಂದೈತಿ ನೋಡ್ರಿ" ಅಂದ. ನಾನು ಚೀಲದಿಂದ ಮೂರು ಸ್ಪ್ರೇ ಡಬ್ಬಿ ತೆಗೆದೆ. ಮೊದಲನೆಯದು ಜಾಗ ತೊಳೆಯಲು. ಎರಡನೆಯದು ಕೆಂಪು ಬಣ್ಣ, ಕೂದಲೆಳೆಯ ಬಿರುಕಿದ್ದರೂ ಒಳಗೆ ಇಳಿಯುವಷ್ಟು ತೆಳು. ಸ್ವಲ್ಪ ಹೊತ್ತು ಬಿಟ್ಟು ಮೇಲಿನ ಬಣ್ಣ ಒರೆಸಿ, ಮೂರನೆಯದನ್ನು, ಬಿಳಿ ಪುಡಿಯನ್ನು, ಹೊಡೆಯಬೇಕು. ಬಿರುಕಿನೊಳಗೆ ಉಳಿದ ಕೆಂಪನ್ನು ಆ ಬಿಳಿ ಹೊರಗೆ ಎಳೆಯುತ್ತದೆ. ಎಡಗಡೆಯ ಬ್ರಾಕೆಟ್ಟಿನಲ್ಲಿ, ಬೆಸುಗೆ ಪೈಪಿಗೆ ಸೇರುವ ಅಂಚಿನ ಉದ್ದಕ್ಕೂ ಕೆಂಪು ಗೆರೆ ಮೆಲ್ಲನೆ ಮೂಡಿತು.

"ಗ್ರೈಂಡರ್ ಹಿಡಿದು ಮತ್ತೊಂದು ಸಲ ಹಾಕಿದ್ರ ಆತು" ಎಂದ ಅಳಿಯ. ನಾನು ಒಪ್ಪಲಿಲ್ಲ. ಈ ಡಬ್ಬಿಗಳು ತೋರಿಸುವುದು ಮೇಲ್ಮೈಗೆ ಬಾಯಿ ತೆರೆದ ಬಿರುಕನ್ನು ಮಾತ್ರ. ಒಳಗೆ ಲೋಹ ಕರಗಿ ಕೂಡಿದೆಯೋ, ಬರೀ ಮೇಲೆ ಒರಗಿದೆಯೋ ಹೇಳುವುದಿಲ್ಲ. ಅದಕ್ಕೆ ಅದೇ ಪೈಪು, ಅದೇ ಪ್ಲೇಟು, ಅದೇ ಬೆಸುಗೆ ರಾಡು, ಅದೇ ಮಿಸ್ತ್ರಿಯ ಕೈಯಲ್ಲಿ ಇನ್ನೊಂದು ಬೆಸುಗೆ ಹಾಕಿಸಿದೆ. ಅದನ್ನು ಹ್ಯಾಕ್ಸಾದಲ್ಲಿ ಅಡ್ಡ ಕೊಯ್ದು, ಉಜ್ಜಿ ನಯಮಾಡಿ, ಆಸಿಡ್ ಸವರಿದೆವು. ಬೆಸುಗೆಯ ಬುಡದಲ್ಲಿ ಕಪ್ಪನೆ ಸೀಳು ಕಂಡಿತು. ಅಂದದ ಅಲೆಯ ಅಡಿಯಲ್ಲಿ ಎರಡು ಕಬ್ಬಿಣ ಒಂದಾಗಿಯೇ ಇರಲಿಲ್ಲ.

ಆಗ ಅವನು ಕೇಳಿದ ಮಾತು ನನ್ನನ್ನು ಕೂರಿಸಿತು: "ಮಿಸ್ತ್ರಿಗೆ ಯಾರನ್ನಾದರೂ ಸಾಯಿಸೋ ಮನಸ್ಸಿತ್ತೇನು? ನನಗಿತ್ತೇನು? ಮನಸ್ಸಿನಾಗ ಇಲ್ಲದ್ದು ಪಾಪ ಹೆಂಗಾಗತೈತಿ?"

ಹುಡುಗನ ವಾದ ಸಣ್ಣದಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜಗಳ ಅದು. ಬೌದ್ಧರ ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ನಿರ್ಗ್ರಂಥರಿಗೂ, ಎಂದರೆ ನಮ್ಮವರಿಗೂ, ಬುದ್ಧನಿಗೂ ಇದೇ ಚರ್ಚೆ. ಕಾಯದ ಕರ್ಮವೇ ಹೆಚ್ಚು ಘೋರ ಎಂದು ನಿರ್ಗ್ರಂಥರು. ಇಲ್ಲ, ಮನಸ್ಸಿನದೇ ಎಂದು ಬುದ್ಧ. ನಡೆಯುವಾಗ ಅರಿಯದೆ ತುಳಿಯುವ ಜೀವಿಗಳ ಗತಿಯೇನು ಎಂದು ಬುದ್ಧ ಅಲ್ಲಿ ಕೇಳುತ್ತಾನೆ. ಶ್ವೇತಾಂಬರರ ಸೂತ್ರಕೃತಾಂಗ ತಿರುಗಿ ಬೀಳುತ್ತದೆ: ಹಿಂಡಿಯ ಉಂಡೆಯೆಂದು ತಿಳಿದು ಮನುಷ್ಯನನ್ನೇ ಸುಟ್ಟವನು ನಿಮ್ಮ ಲೆಕ್ಕದಲ್ಲಿ ನಿರ್ದೋಷಿಯೋ? ಎರಡೂ ಕಡೆಯವರು ಎದುರಾಳಿಯ ಮಾತನ್ನು ಹಿಗ್ಗಿಸಿ ಹೇಳಿದ್ದಾರೆ. ಆದರೂ ಪ್ರಶ್ನೆ ನಿಜವಾದದ್ದು.

ಇದಕ್ಕೆ ನನಗೆ ಒಪ್ಪಿಗೆಯಾದ ಉತ್ತರ ಜೈನ ಆಚಾರ್ಯ ಕುಂದಕುಂದರದು.  ಪ್ರವಚನಸಾರದಲ್ಲಿ ಕುಂದಕುಂದರು ಹೇಳುವ ಅಭಿಪ್ರಾಯ ಹೀಗಿದೆ: ಜೀವ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆ ಖಚಿತ, ಎಚ್ಚರದಿಂದ ನಡೆಯುವವನಿಗೆ ಬರೀ ಹಿಂಸೆ ಘಟಿಸಿದ ಮಾತ್ರಕ್ಕೆ ಕರ್ಮಬಂಧವಿಲ್ಲ. ತತ್ತ್ವಾರ್ಥಸೂತ್ರವೂ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನೇ, ಎಂದರೆ ಎಚ್ಚರಗೇಡಿತನವನ್ನೇ, ಮುಂದಿಡುತ್ತದೆ. ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ ಪೂಜ್ಯಪಾದರು, ನೆಲ ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿ ಅಕಸ್ಮಾತ್ತಾಗಿ ಬಂದು ಸತ್ತ ಸಣ್ಣ ಜೀವಿಯ ಉದಾಹರಣೆಯನ್ನು ಎತ್ತಿಕೊಳ್ಳುತ್ತಾರೆ. ಆ ಮುನಿಗೆ ಅದರಿಂದ ಬಂಧವಿಲ್ಲ.

ಅಳಿಯನ ಮಾತು ಇಲ್ಲಿ ಅರ್ಧ ನಿಲ್ಲುತ್ತದೆ, ಅರ್ಧ ಬೀಳುತ್ತದೆ. ಕೆಟ್ಟ ಮನಸ್ಸಿಲ್ಲ ಎಂಬುದು ಸಾಲದು. ಎಚ್ಚರವಿತ್ತೇ ಎಂಬುದೇ ಪ್ರಶ್ನೆ. ಇನ್ನೊಂದು ಮಾತು ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೋರ್ಟು ಕಚೇರಿ ಬರುವುದು ಅಪಘಾತವಾದ ಮೇಲೆ. ಕುಂದಕುಂದರ ಲೆಕ್ಕ ಶುರುವಾಗುವುದು ಬೆಸುಗೆ ರಾಡು ಕೈಗೆತ್ತಿಕೊಂಡ ಗಳಿಗೆಯಲ್ಲೇ. ಆ ಎಡಗಡೆಯ ಬ್ರಾಕೆಟ್ಟು ಹತ್ತು ವರ್ಷ ಮುರಿಯದೆ ಓಡಿದ್ದರೂ, ಅದರ ಮೇಲೆ ಯಾರದೋ ಪ್ರಾಣವನ್ನು ನೋಡದೆ ಒತ್ತೆಯಿಟ್ಟದ್ದು ಆಗಿಯೇ ಹೋಗಿತ್ತು.

ಕಾಣದ್ದು ಕೊಲ್ಲುತ್ತದೆ ಎಂಬುದಕ್ಕೆ ದೆಹಲಿಯವರು ದೂರ ಹೋಗಬೇಕಿಲ್ಲ. 2010ರ ಏಪ್ರಿಲ್‌ನಲ್ಲಿ ಮಾಯಾಪುರಿಯ ಗುಜರಿ ಪೇಟೆಯಲ್ಲಿ ಏನಾಯಿತೆಂದು ಇಲ್ಲಿನವರಿಗೆ ನೆನಪಿದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಬಳಕೆಯಿಲ್ಲದೆ ಬಿದ್ದಿದ್ದ ವಿಕಿರಣ ಯಂತ್ರವೊಂದು ಹರಾಜಿನಲ್ಲಿ ಗುಜರಿಗೆ ಬಂದಿತು. ಒಳಗಿದ್ದ ಕೋಬಾಲ್ಟ್-60 ಯಾರಿಗೂ ತಿಳಿಯಲಿಲ್ಲ. ಬಿಚ್ಚಿದವರ ಮೈ ಸುಟ್ಟಿತು, ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ಮಾರಿದವರಿಗೂ ಕೊಂಡವರಿಗೂ ಕೊಲ್ಲುವ ಮನಸ್ಸಿರಲಿಲ್ಲ. ಮನಸ್ಸಿನ ಕರ್ಮವೊಂದನ್ನೇ ತೂಗುವ ತಕ್ಕಡಿಯಲ್ಲಿ ಆ ಸಾವಿಗೆ ಜಾಗವೇ ಸಿಗುವುದಿಲ್ಲ. ಅದಕ್ಕೇ ಈ ವಿಷಯದಲ್ಲಿ ಬುದ್ಧನ ಉತ್ತರ ನನಗೆ ಸಾಕಾಗುವುದಿಲ್ಲ.

ನಮ್ಮ ಆಕ್ಸಲ್ಲಿನ ಕಬ್ಬಿಣದಲ್ಲಿ ವಿಕಿರಣವಿಲ್ಲ, ಸರಿ. ಆದರೆ ಕಬ್ಬಿಣಕ್ಕೆ ದಣಿವಿದೆ. ಪ್ರತಿ ಗುಂಡಿ, ಪ್ರತಿ ಬ್ರೇಕು ಅದರ ಮೇಲೆ ಒಂದೊಂದು ಹೊಡೆತ. ಎಲ್ಲೋ ಒಂದು ಚೂಪು ಮೂಲೆಯಲ್ಲಿ ಸೂಕ್ಷ್ಮ ಬಿರುಕು ಹುಟ್ಟಿ ದಿನದಿನಕ್ಕೆ ಬೆಳೆಯುತ್ತದೆ. 1842ರಲ್ಲಿ ಫ್ರಾನ್ಸಿನ ವೆರ್ಸೈ ಬಳಿ ರೈಲು ಎಂಜಿನ್ನಿನ ಅಚ್ಚು ಹೀಗೆಯೇ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಜರ್ಮನಿಯ ವೋಲರ್ ರೈಲಿನ ಅಚ್ಚುಗಳನ್ನು ವರ್ಷಗಟ್ಟಲೆ ತಿರುಗಿಸಿ ಪರೀಕ್ಷಿಸಿ ತೋರಿಸಿದ: ಒಂದೇ ಏಟಿಗೆ ಮುರಿಯದ ಉಕ್ಕು ಅದಕ್ಕಿಂತ ಬಹಳ ಕಡಿಮೆ ಭಾರದ ಲಕ್ಷಾಂತರ ಏಟಿಗೆ ಮುರಿಯುತ್ತದೆ, ಆ ಭಾರ ಒಂದು ಮಿತಿಯ ಕೆಳಗಿದ್ದರೆ ಮುರಿಯುವುದೇ ಇಲ್ಲ. ಗುಜರಿಯಿಂದ ತಂದ ಸ್ಟಬ್ ಆಕ್ಸಲ್ಲು ಹಿಂದೆ ಏನೇನು ಉಂಡಿದೆಯೋ ನಮಗೆ ಹೇಳುವವರಿಲ್ಲ. ಹಾಗಾಗಿ ಚಾಸಿ ಗುಜರಿಯದ್ದಾಗಲಿ, ಆದರೆ ಕಿಂಗ್‌ಪಿನ್ನು, ಸ್ಟಬ್ಬು, ಬೋಲ್ಟು ಹೊಸದೇ ಬೇಕು ಎಂದು ನಾನು ಹಟ ಹಿಡಿದೆ. ಕಾಶ್ಮೀರಿ ಗೇಟಿನ ಬಿಡಿಭಾಗಗಳ ಅಂಗಡಿಯಿಂದ ಅವನ್ನು ತಂದೆವು. ಆ ಖರ್ಚಿಗೆ ಸೀಟಿನ ಚರ್ಮ ಹೋಯಿತು. ಬೋಲ್ಟುಗಳಿಗೆ ಕ್ರೋಮ್ ಹೊಳಪು ಕೊಡಿಸುವ ಅವನ ಆಸೆಯನ್ನೂ ನಿಲ್ಲಿಸಿದೆ. ಗಡಸು ಉಕ್ಕಿಗೆ ಲೇಪನ ಮಾಡುವಾಗ ಹೈಡ್ರೋಜನ್ ಒಳಸೇರಿ, ಆಮೇಲೆ ಅದನ್ನು ಸರಿಯಾಗಿ ಕಾಯಿಸಿ ತೆಗೆಯದಿದ್ದರೆ, ಬೋಲ್ಟು ಗಾಜಿನಂತೆ ಮುರಿಯಬಹುದು.

ಇಲ್ಲಿಗೆ ನನಗೇ ಕಷ್ಟದ ಪ್ರಶ್ನೆ ಬಂತು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ಅನರ್ಥದಂಡ ವಿರತಿ ಎಂಬ ವ್ರತವಿದೆ: ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರುವುದು. ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕೀಳುವುದು, ಎಲ್ಲ ಅದರಲ್ಲಿ ಬರುತ್ತವೆ. ಬೇಸಾಯದಲ್ಲಿ, ಕಾರ್ಖಾನೆಯಲ್ಲಿ ಆಗುವ ಹಿಂಸೆಗೆ ಹೊಟ್ಟೆಪಾಡಿನ ಕಾರಣವಿದೆ. ಜೈನ ಗೃಹಸ್ಥಧರ್ಮ ಅದನ್ನು ಅರ್ಥಮಾಡಿಕೊಂಡು ಸಹಿಸುತ್ತದೆ. ಹಾಟ್ ರಾಡಿಗೆ ಯಾವ ಕಾರಣವಿದೆ? ಅದು ಯಾರನ್ನೂ ಕೆಲಸಕ್ಕೆ ಒಯ್ಯುವುದಿಲ್ಲ, ಅನ್ನ ತರುವುದಿಲ್ಲ. ನಮ್ಮ ತಾಯಿ ಇದ್ದಿದ್ದರೆ, ಪೆಟ್ರೋಲು ಸುಡುವ ಆಟಿಕೆ ಎಂದು ಮುಗಿಸಿಬಿಡುತ್ತಿದ್ದಳು.

ನಾನು ಹಾಗೆ ಮುಗಿಸಲಾರೆ. ದಿನವಿಡೀ ಪರದೆಯ ಮುಂದೆ ಕೂರುವ ಹುಡುಗ ಈ ಶೆಡ್ಡಿನಲ್ಲಿ ಭಾರವೆಂದರೇನು, ಕಾಯುವುದೆಂದರೇನು ಎಂದು ಕೈಯಿಂದ ಕಲಿಯುತ್ತಿದ್ದಾನೆ. ಕೊಯ್ದ ತುಂಡಿನಲ್ಲಿ ಕಪ್ಪು ಸೀಳು ಕಂಡಾಗ ಅವನ ಮುಖ ನೋಡಿದ್ದೇನೆ. ಅದು ಪ್ರಯೋಜನವಿಲ್ಲದ ಕೆಲಸವಲ್ಲ. ಆದರೆ ವ್ರತದ ಮಾತನ್ನು ಪಕ್ಕಕ್ಕಿಡಲೂ ಆಗದು. ಹಸಿವಿನ ನೆಪವಿಲ್ಲದ ಕೆಲಸಕ್ಕೆ ಅಸಡ್ಡೆಯ ನೆಪವೂ ಇರಬಾರದು. ಮಧ್ಯರಾತ್ರಿ ನಿದ್ದೆಗೆಟ್ಟು ಟ್ರಕ್ಕಿನ ಕಮಾನಿ ಬೆಸೆಯುವ ಮಿಸ್ತ್ರಿಗೆ ಬೆಳಗ್ಗೆ ಗಾಡಿ ಹೊರಡಬೇಕೆಂಬ ಒತ್ತಡವಿದೆ, ಕೂಲಿಯ ಚಿಂತೆಯಿದೆ. ನಮಗೆ ಏನಿದೆ? ಎಷ್ಟು ದಿನ ಬೇಕಾದರೂ ಕಾಯಬಹುದು. ಆದ್ದರಿಂದ ಹವ್ಯಾಸದ ಬೆಸುಗೆ ಕಾರ್ಖಾನೆಯ ಬೆಸುಗೆಗಿಂತ ಶುದ್ಧವಾಗಿರಬೇಕು. ನನ್ನ ತೀರ್ಮಾನ ಇದು, ಇದನ್ನು ಯಾರ ಮುಂದೆಯೂ ಹೇಳಬಲ್ಲೆ.

ಎಚ್ಚರವೆಂದರೆ ಭಯವೂ ಅಲ್ಲ, ಕೈಮುಗಿಯುವುದೂ ಅಲ್ಲ. ಮುನಿಗಳ ಐದು ಸಮಿತಿಗಳಲ್ಲಿ, ಎಂದರೆ ಎಚ್ಚರದ ನಡೆಗಳಲ್ಲಿ, ಒಂದು, ವಸ್ತುವನ್ನು ಎತ್ತುವಾಗ ಇಡುವಾಗ ನೋಡಿ, ನವಿಲುಗರಿಯ ಪಿಂಛಿಯಿಂದ ಸವರಿ, ಆಮೇಲೆ ಎತ್ತಿಡುವುದು. ಅಷ್ಟು ಖಚಿತವಾದ ಕ್ರಿಯೆ ಅದು. ಶೆಡ್ಡಿನಲ್ಲೂ ಅದು ಹಾಗೆಯೇ ಇರಬೇಕು. ಲೋ ಹೈಡ್ರೋಜನ್ ರಾಡನ್ನು ಒಲೆಯಲ್ಲಿ ಒಣಗಿಸಿ ಬಿಸಿಯಿರುವಾಗಲೇ ಬಳಸುವುದು. ಮಳೆಗಾಲದ ಗಾಳಿಯಲ್ಲಿ ಬಿಟ್ಟರೆ ಅದು ತೇವ ಕುಡಿಯುತ್ತದೆ, ಆ ತೇವದ ಬಿರುಕು ಬೆಸುಗೆ ತಣ್ಣಗಾದ ಎಷ್ಟೋ ಗಂಟೆಗಳ ಮೇಲೆ ಹುಟ್ಟುತ್ತದೆ. ಅದಕ್ಕೆ ಹಾಕಿದ ದಿನವೇ ನೋಡಿ ಸಮಾಧಾನಪಡದೆ, ಎರಡು ದಿನ ಬಿಟ್ಟು ಮತ್ತೆ ಕೆಂಪು ಬಣ್ಣ ಹೊಡೆದು ನೋಡುವುದು. ಬ್ರಾಕೆಟ್ಟು ಬೋಲ್ಟನ್ನು ಒಂದು ಬದಿಯಿಂದಲ್ಲ, ಎರಡೂ ಬದಿಯಿಂದ ಹಿಡಿಯುವಂತೆ ಮಾಡುವುದು. ನಟ್ಟಿಗೆ ಸ್ಪ್ಲಿಟ್ ಪಿನ್ ಹಾಕುವುದು.

ಇಷ್ಟಾದರೂ ನಮ್ಮ ಕಣ್ಣಿಗೆ ಬೀಳದ್ದು ಉಳಿದೇ ಇರುತ್ತದೆ. ಅದಕ್ಕೂ ಹೊಣೆ ಹೊರಬೇಕೆಂದರೆ, ಮುರಿಯುವುದೆಂದೇ ಮೊದಲು ಒಪ್ಪಿಕೊಂಡು ಕಟ್ಟಬೇಕು. ರೇಡಿಯಸ್ ರಾಡಿನ ತುದಿಯ ಗುಂಡು ಸವೆದು ಕಳಚಿದರೂ ರಾಡು ಬೀಳದಂತೆ ಬೋಲ್ಟಿಗೆ ಗುಂಡು ಕೂರುವ ತೂತಿಗಿಂತ ಅಗಲದ ವಾಷರ್ ಕೂರಿಸಿದ್ದೇವೆ. ಕಮಾನಿಯ ಮುಖ್ಯ ಪಟ್ಟಿ ತುಂಡಾದರೂ ಆಕ್ಸಲ್ಲನ್ನು ರೇಡಿಯಸ್ ರಾಡುಗಳು ಬಿಡುವುದಿಲ್ಲ. ನೆಲ ನೋಡಿ ನಡೆಯುವುದು ಕಂಡ ಜೀವಿಯ ಮೇಲಿನ ದಯೆ. ಇದು ಕಾಣದೆ ಹೋಗಬಹುದಾದವರ ಮೇಲಿನ ದಯೆ.

"ನಾನೊಬ್ಬನೇ ಓಡಿಸ್ತೀನಿ, ನನ್ನ ಜೀವ ನನ್ನದು" ಎಂದೂ ಅಳಿಯ ಒಮ್ಮೆ ಹೇಳಿದ. ರಸ್ತೆಯಲ್ಲಿ ಯಾರೂ ಒಬ್ಬರೇ ಇರುವುದಿಲ್ಲ. ಪಶ್ಚಿಮ ಉತ್ತರ ಪ್ರದೇಶ, ಹರಿಯಾಣದ ಹಳ್ಳಿಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನನ್ನು ಮರದ ಹಲಗೆಯ ಗಾಡಿಗೆ ಕೂರಿಸಿದ ಜುಗಾಡ್‌ಗಳು ಓಡುತ್ತವೆ. ಬಡವರ ಬುದ್ಧಿವಂತಿಕೆ ಅದು, ಅದರ ಮೇಲೆ ನನಗೆ ಗೌರವವಿದೆ. ಆದರೆ ಅವಕ್ಕೆ ಸಿಕ್ಕು ಸತ್ತವರ ಮನೆಯವರೂ ಬಡವರೇ. ಜುಗಾಡ್ ಕೂಡ ಮೋಟಾರು ವಾಹನವೇ, ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಅದೇ ಕೋರ್ಟು ಅದನ್ನು ಮತ್ತೆ ಗಟ್ಟಿಮಾಡಿತು. ನಮ್ಮ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ. ಬೇಲಿ ಹಾಕಿದ ಖಾಸಗಿ ಜಾಗದಲ್ಲಿ, ನೋಡಲು ಬಂದವರನ್ನು ದೂರ ನಿಲ್ಲಿಸಿ ಓಡುತ್ತದೆ. ಇದಕ್ಕೆ ಅಳಿಯನೂ ಒಪ್ಪಿದ್ದಾನೆ.

ಮನೆಯಲ್ಲೇ ಗಾಡಿ ಕಟ್ಟುವ ಹುಡುಗ ಹುಡುಗಿಯರು ನಮ್ಮವರಲ್ಲೂ ಈಗ ಅಲ್ಲಲ್ಲಿ ಇದ್ದಾರೆ. ಅವರಲ್ಲಿ ನನ್ನ ವಿನಂತಿ: ಹಣ ಸಾಲದಿದ್ದರೆ ಬಣ್ಣ ಬಿಡಿ, ಸೀಟು ಬಿಡಿ, ಹೊಳಪು ಬಿಡಿ, ಇನ್ನೊಂದು ವರ್ಷ ಕಾಯಿರಿ. ಮುಂದಿನ ಆಕ್ಸಲ್ಲಿನ ಬೆಸುಗೆಯನ್ನು ಮಾತ್ರ ಅಂದ ನೋಡಿ ಒಪ್ಪಬೇಡಿ. ಅದರಂಥದೇ ಇನ್ನೊಂದನ್ನು ಹಾಕಿಸಿ, ಕೊಯ್ದು, ಒಳಗೆ ನೋಡಿ, ಆಮೇಲೆ ಗಾಡಿಗೆ ಕೈಹಚ್ಚಿ.