ಕೊಟ್ಟ ಪೆಟ್ಟು, ಪಡೆದ ಪೆಟ್ಟು

ಶಿವಭಕ್ತನ ಜೀವನದಲ್ಲಿ ಕೈಗೆ ಇರುವ ಸ್ಥಾನವು ಬಹು ಹಿರಿದಾದುದು. ಶ್ರೀಗುರುವು ಕರುಣಿಸಿದ ಇಷ್ಟಲಿಂಗಕ್ಕೆ ಆತನ ಅಂಗೈಯೇ ಪೀಠ. ಕಾಯಕವು ನಡೆಯುವುದು ಕೈಯಿಂದ. ಜಂಗಮಕ್ಕೆ ನೀಡುವುದು ಕೈಯಿಂದ. ಹಸಿದು ಬಂದವನಿಗೆ ಎಡೆಮಾಡುವುದೂ ಅದೇ ಕೈಯಿಂದ. ಆದರೆ ಸಿಟ್ಟು ನೆತ್ತಿಗೇರಿದ ಕ್ಷಣದಲ್ಲಿ ಮಗನ ಬೆನ್ನ ಮೇಲೆ ಬೀಳುವುದೂ, ಒಡಹುಟ್ಟಿದವನ ಕೊರಳಪಟ್ಟಿಯನ್ನು ಹಿಡಿಯುವುದೂ ಬೇರೊಂದು ಕೈಯಲ್ಲ. ಆ ಪೆಟ್ಟು ಎಷ್ಟು ಭಾರವಾದುದೆಂದು ಕೊಟ್ಟವನನ್ನು ಕೇಳಿದರೆ ಬರುವ ಉತ್ತರ ಒಂದೇ: "ಅವನು ಮಾಡಿದ್ದಕ್ಕೆ ಸರಿಯಾಗಿ ಮಾಡಿದೆನು; ಎಳ್ಳಷ್ಟೂ ಹೆಚ್ಚಿಲ್ಲ." ಈ ಮಾತು ಅನೇಕ ವೇಳೆ ಕಪಟದ್ದಾಗಿರುವುದಿಲ್ಲ. ಆತನಿಗೆ ನಿಜವಾಗಿಯೂ ಹಾಗೆಯೇ ತೋರಿರುತ್ತದೆ. ಆ ತೋರಿಕೆಯೊಳಗೆ ಅಡಗಿರುವ ಮೋಸವನ್ನು ಸಾಧಕನು ಅರಿಯಬೇಕಾಗಿದೆ.

ಈ ಮೋಸವನ್ನು ಯಂತ್ರದಿಂದ ಅಳೆದು ತೋರಿಸಿದವರು ದೂರದ ಲಂಡನ್ ನಗರದ ಕೆಲವು ವಿಜ್ಞಾನಿಗಳು. ಆ ನಗರದ ಕ್ವೀನ್ ಸ್ಕ್ವೇರ್ ಎಂಬಲ್ಲಿ ಯೂನಿವರ್ಸಿಟಿ ಕಾಲೇಜಿಗೆ ಸೇರಿದ ನರವಿಜ್ಞಾನ ಸಂಸ್ಥೆಯೊಂದಿದೆ. 1990ರ ದಶಕದ ಕೊನೆಯ ವರ್ಷಗಳಲ್ಲಿಯೂ ಅದರ ಮುಂದಿನ ಕೆಲವು ವರ್ಷಗಳಲ್ಲಿಯೂ ಡೇನಿಯಲ್ ವೋಲ್ಪರ್ಟ್ ಎಂಬ ವಿದ್ವಾಂಸರು ಸಂಗಡಿಗರೊಡನೆ ಅಲ್ಲಿ ತೋಳು ಮತ್ತು ಕೈಗಳ ಚಲನೆಯನ್ನು ಅಭ್ಯಸಿಸುತ್ತಿದ್ದರು. ಹೊರಗಿನವರ ಕಣ್ಣಿಗೆ ಇಂತಹ ಕೆಲಸವು ಮಕ್ಕಳಾಟದಂತೆ ಕಾಣಬಹುದು. ಒಬ್ಬನನ್ನು ಕುಳ್ಳಿರಿಸಿ, ಯಂತ್ರಕ್ಕೆ ಜೋಡಿಸಿದ ಹಿಡಿಯೊಂದನ್ನು ಆತನ ಕೈಗೆ ಕೊಟ್ಟು, ಅತ್ತಿತ್ತ ಆಡಿಸಹೇಳುವುದು, ಮತ್ತೆ ಆಡಿಸಹೇಳುವುದು, ಪ್ರತಿ ಸಲವೂ ಕೈ ಹೋದ ದಾರಿಯನ್ನೂ ಅದು ತೋರಿದ ಬಲವನ್ನೂ ಬರೆದಿಡುವುದು. ನೀರಿನ ಲೋಟವನ್ನು ಚೆಲ್ಲದಂತೆ ಬಾಯಿಗೆ ತರುವ ಸಾಮಾನ್ಯ ಕ್ರಿಯೆಯಲ್ಲಿಯೂ ಮೆದುಳು ಎಷ್ಟೊಂದು ಲೆಕ್ಕವನ್ನು ಹಾಕುತ್ತದೆಂಬುದನ್ನು ಇಂತಹ ತಾಳ್ಮೆಯಿಂದಲ್ಲದೆ ಅರಿಯಲಾಗದು. ಬೇಸರವಿಲ್ಲದೆ ಸತ್ಯಕ್ಕಾಗಿ ದುಡಿಯುವ ಈ ದುಡಿಮೆಯನ್ನು ಕಾಯಕವೆಂದು ಕರೆಯಲು ಅಡ್ಡಿಯಿಲ್ಲ.

ಅವರು ಮೊದಲು ಕೈಗೆತ್ತಿಕೊಂಡ ಪ್ರಶ್ನೆಗಳಲ್ಲಿ ಒಂದು ಎಳೆಯ ಮಗುವೂ ಕೇಳಬಹುದಾದದ್ದು: ಮನುಷ್ಯನು ತನಗೆ ತಾನೇ ಕಚಗುಳಿಯಿಟ್ಟುಕೊಂಡರೆ ನಗು ಬಾರದು, ಏಕೆ? ಸಾರಾ ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್, ಕ್ರಿಸ್ ಫ್ರಿತ್ ಈ ಮೂವರು 1998ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಕೈಯನ್ನು ಆಡಿಸುವಂತೆ ಆಜ್ಞೆ ಹೊರಡುವಾಗಲೇ, ಅದರಿಂದ ಉಂಟಾಗತಕ್ಕ ಸ್ಪರ್ಶವು ಎಂತಹುದೆಂದು ಮೆದುಳು ಮುಂದಾಗಿ ಊಹಿಸುತ್ತದೆ. ಊಹಿಸಿದಷ್ಟನ್ನು ಅನುಭವದಿಂದ ಕಳೆದುಬಿಡುತ್ತದೆ. ಆದುದರಿಂದ ತನ್ನ ಕೈಯ ಸ್ಪರ್ಶವು ತನಗೆ ಮಂದವಾಗಿಯೂ, ಇತರರ ಕೈಯ ಸ್ಪರ್ಶವು ತೀಕ್ಷ್ಣವಾಗಿಯೂ ತೋರುತ್ತದೆ. ಸ್ಪರ್ಶವನ್ನು ಅರಿಯುವ ಮೆದುಳಿನ ಭಾಗವು ಸ್ವಂತ ಸ್ಪರ್ಶಕ್ಕೆ ಕಡಿಮೆ ಚುರುಕಾಗುವುದನ್ನು ಅವರು ಚಿತ್ರಯಂತ್ರದಿಂದ ಕಂಡರು.

1999ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಇದಕ್ಕಿಂತಲೂ ಸೋಜಿಗದ್ದು. ಒಬ್ಬನು ತನ್ನ ಎಡಗೈಯಿಂದ ಹಿಡಿಯನ್ನು ಆಡಿಸಿದರೆ, ಯಂತ್ರವೊಂದು ಅದೇ ರೀತಿಯಲ್ಲಿ ಮೆತ್ತನೆಯ ಸ್ಪಂಜಿನ ತುಂಡನ್ನು ಆತನ ಬಲ ಅಂಗೈಯ ಮೇಲೆ ಆಡಿಸುತ್ತಿತ್ತು. ಕೈ ಆಡಿದೊಡನೆ ಸ್ಪಂಜೂ ಆಡಿದಾಗ ಕಚಗುಳಿ ಅತ್ಯಲ್ಪ. ಆದರೆ ಕೈಯ ಚಲನೆಗೂ ಸ್ಪರ್ಶಕ್ಕೂ ನಡುವೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ, ಹತ್ತನೆಯ ಎರಡು ಭಾಗ, ಹತ್ತನೆಯ ಮೂರು ಭಾಗ, ಹೀಗೆ ತಡವನ್ನು ಹೆಚ್ಚಿಸುತ್ತ ಹೋದಂತೆ ಕಚಗುಳಿಯೂ ಹೆಚ್ಚುತ್ತ ಹೋಯಿತು. ಅಷ್ಟು ಸ್ವಲ್ಪ ಕಾಲದ ಅಂತರವು ನಡುವೆ ಬಂದುದರಿಂದ, ತನ್ನ ಕ್ರಿಯೆಯ ಫಲವೇ ಆತನಿಗೆ ಇತರರ ಸ್ಪರ್ಶದಂತೆ ಭಾಸವಾಯಿತು. ಈ ಅಂಶವು ಮುಂದೆ ಬೇಕಾಗುವುದರಿಂದ ನೆನಪಿನಲ್ಲಿಡತಕ್ಕದ್ದು.

ಆ ಬಳಿಕ 2003ರಲ್ಲಿ ಸುಖ್ವಿಂದರ್ ಶೆರ್ಗಿಲ್, ಪಾಲ್ ಬೇಸ್, ಫ್ರಿತ್, ವೋಲ್ಪರ್ಟ್ ಈ ನಾಲ್ವರು 'ಸೈನ್ಸ್' ಪತ್ರಿಕೆಯಲ್ಲಿ ಒಂದೇ ಪುಟದ ಲೇಖನವನ್ನು ಬರೆದರು. ಇಬ್ಬರನ್ನು ಎದುರುಬದುರಾಗಿ ತೊಡಗಿಸಿ, ಒಬ್ಬರು ಇನ್ನೊಬ್ಬರ ಎಡಗೈಯ ತೋರುಬೆರಳನ್ನು ಸರದಿಯಂತೆ ಒತ್ತುವ ಏರ್ಪಾಡು ಅದು. ಪ್ರತಿಯೊಬ್ಬರಿಗೂ ಕೊಟ್ಟಿದ್ದ ಆಜ್ಞೆ ಒಂದೇ: ತನಗೆ ಬಿದ್ದಷ್ಟೇ ಒತ್ತನ್ನು ಹಿಂತಿರುಗಿಸಬೇಕು; ಹೆಚ್ಚೂ ಕೂಡದು, ಕಡಿಮೆಯೂ ಕೂಡದು. ಎದುರಿನವರಿಗೆ ಏನನ್ನು ಹೇಳಲಾಗಿದೆಯೆಂಬುದು ಮಾತ್ರ ಇಬ್ಬರಿಗೂ ತಿಳಿಯದು. ಅವರಲ್ಲಿ ವೈರವಿರಲಿಲ್ಲ, ಸೋಲುಗೆಲುವಿನ ಪಣವೂ ಇರಲಿಲ್ಲ. ಆದರೂ ಒತ್ತು ಸಮನಾಗಿ ಉಳಿಯಲಿಲ್ಲ. ಒಂದೊಂದು ಸರದಿಗೂ ಅದು ಸರಾಸರಿ ಶೇಕಡ 38ರಷ್ಟು ಏರಿತು. ಈ ಲೆಕ್ಕವು ನಡೆದದ್ದೇ ಆದರೆ ಎರಡು ಸರದಿಗಳಲ್ಲಿ ಒತ್ತು ಇಮ್ಮಡಿಗೆ ಹತ್ತಿರವಾಗುವುದು. ಎಂಟು ಸರದಿಗಳಲ್ಲಿ 13 ಪಟ್ಟಾಗುವುದು.

ಇಬ್ಬರಲ್ಲಿ ಒಬ್ಬರಾದರೂ ಬೇಕೆಂದು ಹೆಚ್ಚಾಗಿ ಒತ್ತಿರಬಹುದೇ ಎಂಬ ಸಂಶಯಕ್ಕೂ ಅವರು ಎಡೆಯಿಡಲಿಲ್ಲ. ಬೆರಳಿನ ಮೇಲೆ ಯಂತ್ರದಿಂದಲೇ ಒತ್ತನ್ನು ಕೊಟ್ಟು, ಅಷ್ಟೇ ಒತ್ತನ್ನು ತನ್ನ ಬಲಗೈ ಬೆರಳಿನಿಂದ ತನ್ನ ಎಡಗೈ ಬೆರಳಿಗೆ ಕೊಟ್ಟುಕೊಳ್ಳುವಂತೆ ಹೇಳಿದರು. ಆಗಲೂ ಅವರು ಒತ್ತಿದ್ದು ಹೆಚ್ಚೇ. ತನ್ನ ಬೆರಳನ್ನೇ ನೋಯಿಸಿಕೊಳ್ಳಲು ಯಾವನಿಗೆ ದ್ವೇಷವಿದ್ದೀತು? ಆದರೆ ಬೆರಳಿನಿಂದ ನೇರವಾಗಿ ಒತ್ತುವುದನ್ನು ಬಿಡಿಸಿ, ಯಂತ್ರವನ್ನು ನಡೆಸುವ ಸಣ್ಣ ಹಿಡಿಕೋಲನ್ನು ಕೈಗೆ ಕೊಟ್ಟಾಗ ಅಳತೆಯು ಸರಿಯಾಗಿ ಬಂದಿತು. ಕೈ ನೇರವಾಗಿ ತಗುಲಿದಲ್ಲಿ ಅಳತೆ ತಪ್ಪಿತು. ನಡುವೆ ಮತ್ತೊಂದು ಬಂದಲ್ಲಿ ಅಳತೆ ನೆಟ್ಟಗಾಯಿತು.

ಈ ಮಂದತೆಯು ದೇಹದ ದೋಷವೆಂದು ತಿಳಿಯಬಾರದು. ತನ್ನ ಕೈಯ ಸ್ಪರ್ಶವು ಯಾವುದು, ಹೊರಗಿನಿಂದ ಬಂದ ಸ್ಪರ್ಶವು ಯಾವುದು ಎಂಬ ವಿವೇಚನೆ ಅದರಿಂದಲೇ ಸುಲಭವಾಗುತ್ತದೆ. ಸ್ಕಿಜೋಫ್ರೀನಿಯ ಎಂಬ ಮನೋರೋಗವುಳ್ಳವರು ಇದೇ ಒತ್ತಿನ ಪರೀಕ್ಷೆಯಲ್ಲಿ ಉಳಿದವರಿಗಿಂತ ಸರಿಯಾದ ಅಳತೆಯನ್ನು ಕೊಟ್ಟರೆಂದು 2005ರಲ್ಲಿ ಪ್ರಕಟವಾಯಿತು. ಆದುದರಿಂದ ಆರೋಗ್ಯವಂತನಿಗೆ ತನ್ನ ಕೈ ಹಗುರವಾಗಿ ತೋರುವುದು ಸಹಜಧರ್ಮ. ಆ ಹಗುರವನ್ನೇ ನ್ಯಾಯದ ತಕ್ಕಡಿಯೆಂದು ನಂಬುವಲ್ಲಿ ಅನರ್ಥವು ಹುಟ್ಟುತ್ತದೆ.

ಅಣ್ಣತಮ್ಮಂದಿರ ಹೊಲಗಳ ನಡುವಿನ ಬದುವನ್ನು ನೆನೆಯಬಹುದು. ಒಂದು ವರ್ಷ ಅಣ್ಣನ ನೇಗಿಲು ಅರಿಯದೆ ಒಂದು ಗೇಣು ಒಳಗೆ ಬರುತ್ತದೆ. ತಮ್ಮನು ಮರುವರ್ಷ 'ಅಷ್ಟೇ' ಒತ್ತುತ್ತಾನೆ. ಅಣ್ಣನ ಕಣ್ಣಿಗೆ ಅದು ಮೊಳವಾಗಿ ಕಾಣುತ್ತದೆ. ಬದುವಿನ ಮೇಲೆ ಆರಂಭವಾದ ಮಾತು ಅಂಗಳಕ್ಕೆ ಬರುತ್ತದೆ. ಓರಗಿತ್ತಿಯರ ನಡುವೆ ಒಲೆಯ ಬೆಂಕಿ ಕೇಳುವುದೂ ನಿಲ್ಲುತ್ತದೆ. ಕೊನೆಗೆ ಕೋರ್ಟಿನ ಮೆಟ್ಟಿಲನ್ನು ಹತ್ತಿ, ಹೊಲದ ಬೆಲೆಗಿಂತ ಹೆಚ್ಚಿನ ಹಣವು ವಕೀಲರ ಪಾಲಾಗುತ್ತದೆ. ಊರ ಹಿರಿಯರು ವಿಚಾರಿಸಿದರೆ ಇಬ್ಬರೂ ವಿಭೂತಿಯನ್ನು ಮುಟ್ಟಿ ಹೇಳುವರು, "ನಾನು ಅವನು ಮಾಡಿದಷ್ಟನ್ನೇ ಮಾಡಿದೆ" ಎಂದು. ಲಂಡನ್ನಿನ ಯಂತ್ರವು ಅಳೆದದ್ದು ಬೆರಳಿನ ಒತ್ತನ್ನು ಮಾತ್ರ. ನಾಲಗೆಯ ಪೆಟ್ಟನ್ನೂ ನೇಗಿಲಿನ ಪೆಟ್ಟನ್ನೂ ಅದು ಅಳೆಯಲಿಲ್ಲ. ಆದರೆ ದ್ವೇಷವಿಲ್ಲದ ಬೆರಳೇ ಇಷ್ಟು ತಪ್ಪಿದಲ್ಲಿ, ಕೋಪದಿಂದ ನಡುಗುವ ನಾಲಗೆಯು ಸರಿಯಾದ ತೂಕವನ್ನು ತೂಗೀತೆಂದು ಬುದ್ಧಿವಂತನಾದವನು ಹೇಗೆ ನೆಚ್ಚಬೇಕು?

ಧರ್ಮಪಿತ ಬಸವಣ್ಣನವರು ಕಳವು, ಕೊಲೆ, ಸುಳ್ಳುಗಳನ್ನು ನಿಷೇಧಿಸಿದ ಉಪದೇಶದಲ್ಲಿಯೇ ಕೋಪವನ್ನೂ ನಿಷೇಧಿಸಿದರು. ಮೇಲುನೋಟಕ್ಕೆ ಇದು ಅಚ್ಚರಿಯೆನಿಸಬಹುದು. ಕೊಲೆಗೂ ಸಾಮಾನ್ಯ ಗೃಹಸ್ಥನ ಮುನಿಸಿಗೂ ಎಲ್ಲಿಯ ಹೋಲಿಕೆ? ಏರುವ ಲೆಕ್ಕವನ್ನು ಬಲ್ಲವನಿಗೆ ಅಚ್ಚರಿಯಿಲ್ಲ. ಮುನಿಸು ಮೊದಲ ಸರದಿ. ಕೊಲೆ ಅದೇ ಸಾಲಿನ ಕೊನೆಯ ಸರದಿ. ನಡುವಿನ ಒಂದೊಂದು ಮೆಟ್ಟಿಲನ್ನು ಹತ್ತುವಾಗಲೂ ಹತ್ತಿದವನು 'ಸಮಸಮ'ವೆಂದೇ ಭಾವಿಸಿರುತ್ತಾನೆ. ಆದುದರಿಂದ ಶರಣರು ಸಮನಾದ ಪ್ರತೀಕಾರಕ್ಕೂ ಅನುಮತಿಯನ್ನು ಕೊಡಲಿಲ್ಲ. ಮಾನವನ ಕೈಗೆ ಸಮನಾದ ಪ್ರತೀಕಾರವೆಂಬುದೇ ಸಾಧ್ಯವಾಗದಿರುವಾಗ, ಸರದಿಯನ್ನು ಬಿಟ್ಟುಕೊಡುವವನೊಬ್ಬನು ಬೇಕು. ಬಿಟ್ಟುಕೊಟ್ಟವನು ಸೋತವನಲ್ಲ, ಲೆಕ್ಕವನ್ನು ಬಲ್ಲವನು.

ಹಾಗಾದರೆ ಸಂಸಾರಿಯಾದ ಭಕ್ತನು ನಡೆಯಬೇಕಾದ ದಾರಿ ಯಾವುದು? ಮೊದಲನೆಯದು, ತಡೆ. ಅತ್ಯಲ್ಪ ವಿಳಂಬದಿಂದ ತನ್ನ ಸ್ಪರ್ಶವು ಇತರರ ಸ್ಪರ್ಶದಂತೆ ತೋರಿತಷ್ಟೆ. ಬೈಗುಳವು ನಾಲಗೆಗೆ ಬಂದಾಗ, ಕೈ ಮೇಲೆದ್ದಾಗ, ಕೊರಳಲ್ಲಿರುವ ಲಿಂಗವನ್ನು ಒಮ್ಮೆ ಮುಟ್ಟಿ ಷಡಕ್ಷರಿಯನ್ನು ಒಮ್ಮೆ ಜಪಿಸುವಷ್ಟು ಕಾಲ ನಿಂತರೆ ಸಾಕು. ಆಡಲಿರುವ ಮಾತು ಕೇಳುವವನ ಕಿವಿಗೆ ಹೇಗೆ ಬಿದ್ದೀತೆಂಬುದು ಆಡುವವನಿಗೇ ಹೊಳೆಯುತ್ತದೆ. ಎರಡನೆಯದು, ನಡುವೆ ಹಿರಿಯರ ಮಾತು. ಹಿಡಿಕೋಲು ಅಳತೆಯನ್ನು ನೆಟ್ಟಗಾಗಿಸಿದಂತೆ, ಗುರುವಿನ ಅಥವಾ ಕುಲದ ಹಿರಿಯರ ಮೂಲಕ ಆಡಿದ ಮಾತು ಹದ ತಪ್ಪುವುದಿಲ್ಲ. ಮೂರನೆಯದು, ತೂಗುವುದನ್ನೇ ಬಿಡುವುದು. ದಾಸೋಹವೆಂದರೆ ಇದೇ. 'ನಾನು ನೀಡಿದೆ' ಎಂಬ ಭಾವವಿಲ್ಲದೆ ನೀಡತಕ್ಕದ್ದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದರು. ಕೊಟ್ಟ ಪೆಟ್ಟು ಹಗುರವೆಂದು ತೋರಿದರೆ ಅಜ್ಞಾನ. ಕೊಟ್ಟ ಅನ್ನವು ಹಗುರವೆಂದು ತೋರಿದರೆ ಭಕ್ತಿ.

ಆ ಪ್ರಯೋಗಶಾಲೆಯಲ್ಲಿ ಎಡಗೈ ಒತ್ತನ್ನು ಪಡೆಯಿತು, ಬಲಗೈ ಒತ್ತನ್ನು ಕೊಟ್ಟಿತು. ದಿನವೂ ಲಿಂಗಪೂಜೆಯ ವೇಳೆಯಲ್ಲಿಯೂ ಭಕ್ತನ ಎಡ ಅಂಗೈ ಪಡೆಯುತ್ತದೆ, ಬಲಗೈ ಕೊಡುತ್ತದೆ. ಲಿಂಗದ ಮೇಲೆ ನೀರನ್ನೆರೆಯುವಾಗ, ಪತ್ರೆಯನ್ನಿರಿಸುವಾಗ ಆ ಬಲಗೈ ಎಷ್ಟು ಮೆತ್ತಗಾಗಿರುತ್ತದೆ! ಹೆಂಡತಿಯೊಡನೆ, ಮಕ್ಕಳೊಡನೆ, ಆಳುಕಾಳುಗಳೊಡನೆ, ಬದುವಿನ ಆಚೆಯ ತಮ್ಮನೊಡನೆ ವ್ಯವಹರಿಸುವಾಗಲೂ ಆ ಕೈ ಅಷ್ಟೇ ಮೆತ್ತಗಾಗಿದ್ದರೆ ಪೂಜೆಯು ಫಲಿಸಿತೆಂದು ತಿಳಿಯತಕ್ಕದ್ದು. ಅಂತಹ ಕೈ ಸಕಲ ಸದ್ಭಕ್ತರದೂ ಆಗಲಿ. ಸರ್ವರಿಗೂ ಸನ್ಮಂಗಳವಾಗಲಿ.