ಊರ ಪತ್ರಿಕೆಯೂ ಓದುಗನ ಧರ್ಮವೂ

1843ನೆಯ ಇಸವಿ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಪಾದ್ರಿಯವರು ಕಲ್ಲಚ್ಚಿನಲ್ಲಿ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆಯು ‘ಮಂಗಳೂರ ಸಮಾಚಾರ’ವೆಂದು ಊರಿನ ಹೆಸರನ್ನೇ ಧರಿಸಿತ್ತು. ಇಂದು ಊರ ಪತ್ರಿಕೆಗಳು ಕ್ಷೀಣಿಸುತ್ತಿವೆ. ಜಾಹೀರಾತುಗಳು ಅಂತರ್ಜಾಲದತ್ತ ಹರಿದಿವೆ. ಸುದ್ದಿಯು ಬಿಟ್ಟಿಯಾಗಿ ದೊರೆಯುವಾಗ ಚಂದಾ ಏತಕ್ಕೆಂದು ಓದುಗನು ಕೇಳುತ್ತಾನೆ.

ದೂರದ ಸುದ್ದಿ ಬಿಟ್ಟಿಯಾಗಿ ಬಂದೀತು. ಆದರೆ ಪುರಸಭೆಯಲ್ಲಿ ದಿನವೆಲ್ಲ ಕುಳಿತು, ಕೆರೆಯ ಹೂಳೆತ್ತಲು ಮಂಜೂರಾದ ಹಣವೆಷ್ಟು, ಎತ್ತಿದ ಹೂಳೆಷ್ಟು ಎಂದು ವಿಚಾರಿಸುವವನಿಗೂ ಸಂಸಾರವುಂಟು. ಅವನ ವೇತನವನ್ನು ಓದುಗನು ಕೊಡದಿದ್ದಲ್ಲಿ, ಲೆಕ್ಕವೊಪ್ಪಿಸಬೇಕಾದವರೇ ಜಾಹೀರಾತಿನ ರೂಪದಲ್ಲಿ ಕೊಡುವರು. ಆಗ ಪತ್ರಿಕೆಯ ಮೌನವೂ ಕ್ರಯಕ್ಕೆ ಬಿದ್ದಂತಾಗುವುದು.

ಹಂಗಿಗೆ ಬಿದ್ದ ಸಂಪಾದಕನನ್ನು ನಿಂದಿಸುವುದು ಸುಲಭ. ಸತ್ಯವನ್ನು ನುಡಿಯುವುದು ಅವನ ಧರ್ಮವಾದರೆ, ಅವನು ಹಂಗಿಲ್ಲದೆ ನುಡಿಯುವಂತೆ ಪೋಷಿಸುವುದು ಓದುಗನ ಧರ್ಮವಲ್ಲವೇ?