ಹದಿನಾಲ್ಕು ದಿನ, ಐದು ಊರು, ಇಬ್ಬರು

ನಮ್ಮ ತಂದೆ ತಾಯಂದಿರಲ್ಲಿ ಹೆಚ್ಚಿನವರಿಗೆ ತಮ್ಮ ಮದುವೆಯ ತಾರೀಖು ಗೊತ್ತಿರಲಿಲ್ಲ. ಕೇಳಿದರೆ ‘ಬಕ್ರೀದ್ ಕಳೆದು ಎರಡನೆಯ ವಾರ, ಆ ವರ್ಷ ಮಳೆ ಜೋರಿತ್ತು’ ಎಂಬಂತಹ ಉತ್ತರ ಬರುತ್ತಿತ್ತು. ವಾರ್ಷಿಕೋತ್ಸವ ಎಂಬುದು ಶಾಲೆಗಳಿಗೂ ಯುವಕ ಸಂಘಗಳಿಗೂ ಸೇರಿದ ಮಾತಾಗಿತ್ತು. ಈಗ ಮದುವೆಯ ತಾರೀಖನ್ನು ಮರೆಯಲು ಫೋನು ಬಿಡುವುದಿಲ್ಲ. ಹತ್ತು, ಇಪ್ಪತ್ತು, ಇಪ್ಪತ್ತೈದನೆಯ ವರ್ಷಕ್ಕೆ ಗಂಡಹೆಂಡಿರು ಎಲ್ಲಿಗಾದರೂ ಹೋಗಿಬರುವುದು ಮಧ್ಯಮ ವರ್ಗದ ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ರಿವಾಜೇ ಆಗಿದೆ. ಮೊದಲು ಊಟಿ ಇತ್ತು, ಆಮೇಲೆ ದುಬೈ ಬಂತು, ಈಗ ಯೂರೋಪು.

ನಮ್ಮ ಇಪ್ಪತ್ತನೆಯ ವರ್ಷಕ್ಕೆ ನಾವೂ ಒಂದು ಪಟ್ಟಿ ಮಾಡಿದೆವು. ಪ್ಯಾರಿಸ್, ಆಮ್‌ಸ್ಟರ್‌ಡಾಮ್, ಪ್ರಾಗ್, ವಿಯೆನ್ನಾ, ವೆನಿಸ್. ಒಟ್ಟು ಹದಿನಾಲ್ಕು ದಿನ. ಪಟ್ಟಿ ಮುಗಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂದು ಶರಬತ್ತಿನ ಲೋಟ ಖಾಲಿಯಾಗುವುದರೊಳಗೆ ಐದು ಊರು ತೀರ್ಮಾನವಾದರೆ ಆ ಊರುಗಳನ್ನು ಆರಿಸಿದವರು ನಾವೇ ಹೌದೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ಸಿನಿಮಾ ಹಾಡುಗಳು, ಕ್ಯಾಲೆಂಡರುಗಳು, ನೆಂಟರ ಫೋಟೋಗಳು ಆರಿಸಿಕೊಟ್ಟದ್ದನ್ನು ನಾವು ಕಾಗದಕ್ಕೆ ಇಳಿಸಿದೆವು, ಅಷ್ಟೆ. ಇಲ್ಲಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಇಬ್ಬರು ಸೇರಿ ಹೊರಡುವ ಸಫರಿನಲ್ಲಿ ಯಾರ ಆಸೆ ಎಷ್ಟು ತೂಗಬೇಕು? ಆ ಸಂಭ್ರಮದ ಬೆಲೆಯನ್ನು ನಮ್ಮನ್ನು ಬಿಟ್ಟು ಇನ್ಯಾರು ತೆರುತ್ತಾರೆ?

ಇದೆಲ್ಲ ದುಂದಲ್ಲವೇ ಎಂದು ನೀವು ಮೊದಲೇ ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಒಂದೇ ದಿನದ ಮದುವೆಗೆ ಶಾಮಿಯಾನ, ಬಿರಿಯಾನಿ, ಚಿನ್ನ ಎಂದು ಹಲವು ಲಕ್ಷ ಸುರಿಯುವಾಗ ಈ ಪ್ರಶ್ನೆ ಏಳುವುದು ಕಡಿಮೆ. ಮದುವೆ ಇಪ್ಪತ್ತು ವರ್ಷ ಬಾಳಿದ ಮೇಲೆ ಇಬ್ಬರು ತಾವೇ ಉಳಿಸಿದ ಹಣದಲ್ಲಿ ಹೊರಟರೆ ಎಲ್ಲರಿಗೂ ಒಮ್ಮೆಲೇ ಲೆಕ್ಕ ನೆನಪಾಗುತ್ತದೆ. ಕೊಡಬೇಕಾದವರಿಗೆ ಕೊಟ್ಟು, ಸಾಲ ಮಾಡದೆ ಹೋಗುವುದರಲ್ಲಿ ತಪ್ಪಿಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ವಿಷಯವನ್ನು ಇನ್ನಷ್ಟು ಎಳೆಯುವುದು ಬೇಡ.

ವೀಸಾ ಅರ್ಜಿಯ ವಿಷಯಕ್ಕೆ ಬರೋಣ. ಲಕ್ಸಂಬರ್ಗಿನಲ್ಲಿ ಮೊಸೆಲ್ ನದಿಯ ದಡದ ಮೇಲೆ ಷೆಂಗೆನ್ ಎಂಬ ಪುಟ್ಟ ಊರಿದೆ. 1985ರ ಜೂನ್ 14ರಂದು ಐದು ದೇಶಗಳು ಅಲ್ಲಿ ಮಾಡಿಕೊಂಡ ಒಪ್ಪಂದ ಈಗ 29 ದೇಶಗಳಿಗೆ ಹಬ್ಬಿದೆ. ಒಂದೇ ವೀಸಾದಲ್ಲಿ ಅಷ್ಟೂ ದೇಶ ಸುತ್ತಬಹುದು. 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ಯಾವ ದೇಶದಲ್ಲಿ ಹೆಚ್ಚು ದಿನ ತಂಗುತ್ತೇವೆಯೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. 2024ರ ಜೂನ್‌ನಿಂದ ಶುಲ್ಕ ತಲೆಗೆ 90 ಯೂರೋ. ಅರ್ಜಿ ತಿರಸ್ಕೃತವಾದರೂ ಅದು ಹಿಂದಿರುಗುವುದಿಲ್ಲ. ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದಕ್ಕೂ ಪುರಾವೆ ಇಡಬೇಕು. ಹೀಗಾಗಿ ‘ಹೋಗಿ ನೋಡೋಣ, ಮನಸ್ಸಾದರೆ ಎರಡು ದಿನ ಹೆಚ್ಚು ಇರೋಣ’ ಎನ್ನುವ ಸ್ವಾತಂತ್ರ್ಯ ನಮ್ಮಂಥ ಪಾಸ್‌ಪೋರ್ಟಿನವರಿಗೆ ಅಷ್ಟಾಗಿ ಇಲ್ಲ. ನಾವು ಆಸೆಪಡುವ ಮೊದಲೇ ಲೆಕ್ಕ ಒಪ್ಪಿಸಬೇಕು.

ಆ ಅರ್ಜಿಯಲ್ಲಿ ಒಂದು ಕಲಮು ಇದೆ. ಪ್ರಯಾಣದ ವೆಚ್ಚ ಭರಿಸುವವರು ಯಾರು, ಅರ್ಜಿದಾರರೋ ಅಥವಾ ಬೇರೊಬ್ಬ ಪ್ರಾಯೋಜಕರೋ ಎಂದು ಅಲ್ಲಿ ಕೇಳುತ್ತಾರೆ. ನಮ್ಮಿಬ್ಬರಲ್ಲಿ ಒಬ್ಬರಿಗೆ ಸಂಬಳದ ಚೀಟಿ ಇದೆ, ಇನ್ನೊಬ್ಬರಿಗಿಲ್ಲ. ಒಬ್ಬರು ತಿಂಗಳ ಮೊದಲ ತಾರೀಖಿಗೆ ದುಡ್ಡು ತಂದರು. ಇನ್ನೊಬ್ಬರು ಆ ದುಡ್ಡು ಮೂವತ್ತನೆಯ ತಾರೀಖಿನವರೆಗೆ ಬರುವಂತೆ ನೋಡಿಕೊಂಡರು, ಮಕ್ಕಳ ಜ್ವರಕ್ಕೆ ರಾತ್ರಿ ಎದ್ದರು, ಹಾಸಿಗೆ ಹಿಡಿದ ಹಿರಿಯರ ಸೇವೆ ಮಾಡಿದರು. ಬ್ಯಾಂಕಿನ ಆರು ತಿಂಗಳ ಹಾಳೆಗಳಲ್ಲಿ ಈ ಎರಡನೆಯವರ ಹೆಸರು ಎಲ್ಲಿಯೂ ಬರುವುದಿಲ್ಲ. ದೂತಾವಾಸದ ಗುಮಾಸ್ತರಿಗೆ ಅದು ಗೊತ್ತಾಗಬೇಕೆಂದೇನೂ ಇಲ್ಲ, ಅವರು ನೋಡುವುದು ಕಾಗದ. ಆದರೆ ಅದೇ ಕಲಮು ಅಡುಗೆಮನೆಯ ಮಾತಿಗೂ ಇಳಿದುಬಿಡುತ್ತದೆ ಎಂಬುದೇ ಆತಂಕ. ‘ಖರ್ಚು ಇವರದು, ಊರು ಇವರೇ ಹೇಳಲಿ’ ಎಂದು ಒಬ್ಬರು ಸುಮ್ಮನಾಗುತ್ತಾರೆ. ಆ ಮೌನಕ್ಕೆ ನಾವು ಹೊಂದಾಣಿಕೆ ಎಂದು ಒಳ್ಳೆಯ ಹೆಸರು ಇಟ್ಟುಕೊಂಡಿದ್ದೇವೆ.

ನಿಕಾಹಿನ ಹೊತ್ತಿಗೆ ಇಬ್ಬರ ಒಪ್ಪಿಗೆಯನ್ನೂ ಬೇರೆಬೇರೆಯಾಗಿ ಕೇಳುತ್ತಾರೆ. ಇಪ್ಪತ್ತು ವರ್ಷದ ಮೇಲೆ ಹಾಗೆ ಕೇಳಬಾರದೆಂಬ ನಿಯಮವೇನಿಲ್ಲ. ಹಾಗಾಗಿ ಪಟ್ಟಿಯನ್ನು ಬದಿಗಿಟ್ಟು, ಕಾರಣ ಹೇಳಬೇಕಿಲ್ಲ ಎಂಬ ಷರತ್ತಿನ ಮೇಲೆ, ಇಬ್ಬರೂ ತಮಗೆ ಬೇಕಾದ ಒಂದೊಂದು ಊರನ್ನು ಬೇರೆಬೇರೆ ಚೀಟಿಯಲ್ಲಿ ಬರೆದೆವು. ಒಂದು ಚೀಟಿಯಲ್ಲಿ ಗ್ರಾನಡಾ ಎಂದಿತ್ತು. ಇನ್ನೊಂದರಲ್ಲಿ ಊರೇ ಇರಲಿಲ್ಲ, ‘ಹಿಮ’ ಎಂದಷ್ಟೇ ಇತ್ತು. ಹತ್ತು ನಿಮಿಷದ ಆ ಐದು ಊರುಗಳಲ್ಲಿ ಒಂದೂ ಈ ಚೀಟಿಗಳಿಗೆ ಬಂದಿರಲಿಲ್ಲ.

ಉರ್ದು ಶಾಲೆಯಲ್ಲಿ ಓದಿದವರಿಗೆ ಗ್ರಾನಡಾ, ಕೊರ್ಡೊಬಾಗಳು ಭೂಪಟದ ಊರುಗಳಲ್ಲ. 1933ರಲ್ಲಿ ಇಕ್ಬಾಲ್ ಕೊರ್ಡೊಬಾದ ಮಸೀದಿಗೆ ಹೋಗಿಬಂದು ಬರೆದ ಕವಿತೆಯನ್ನು ಓದಿ ಬೆಳೆದವರು ಆ ಕಂಬಗಳನ್ನು ನೋಡದೆಯೇ ಎಣಿಸಬಲ್ಲರು. ಎಂಟನೆಯ ಶತಮಾನದಲ್ಲಿ ಶುರುವಾದ ಆ ಕಟ್ಟಡ 1236ರಲ್ಲಿ ಚರ್ಚಾಯಿತು. ಹದಿನಾರನೆಯ ಶತಮಾನದಲ್ಲಿ ಅದರ ನಡುವೆಯೇ ಒಂದು ಕೆಥೆಡ್ರಲ್ ಎದ್ದಿತು. ಗ್ರಾನಡಾದ ಅಲ್‌ಹಂಬ್ರಾವನ್ನು ಅದರ ಕೊನೆಯ ಅರಸ 1492ರ ಜನವರಿ 2ರಂದು ಒಪ್ಪಿಸಿ ಹೊರಟ. ಮದುವೆಯ ಸಂಭ್ರಮಕ್ಕೆ ಹೋಗಿ ಹೋದ ರಾಜ್ಯಕ್ಕೆ ಅಳಬೇಕೇ ಎಂಬ ಆಕ್ಷೇಪಕ್ಕೆ ತೂಕವಿದೆ. ಅಳುವ ಹಕ್ಕಾದರೂ ನಮಗೆ ಎಲ್ಲಿಂದ ಬಂತು? ಅಲ್ಲಿಂದ ಹೊರದಬ್ಬಲ್ಪಟ್ಟವರು ಅಲ್ಲಿಯ ಯಹೂದಿಗಳು, ಅಲ್ಲಿಯ ಮುಸ್ಲಿಮರು. 1609ರಿಂದ 1614ರವರೆಗೆ ಮತಾಂತರಗೊಂಡ ಮೊರಿಸ್ಕೊಗಳನ್ನೂ ಬಿಡದೆ ಅಟ್ಟಿದರು. ಕಳೆದುಕೊಂಡವರು ಅವರು. ಕನ್ನಡ ನಾಡಿನಲ್ಲಿ ಹುಟ್ಟಿ ಪಠ್ಯಪುಸ್ತಕದಲ್ಲಿ ಅದನ್ನು ಓದಿದ ನಾವು ಟಿಕೇಟು ಕೊಂಡು ಸಾಲಿನಲ್ಲಿ ನಿಲ್ಲುವ ಜಪಾನಿನ ದಂಪತಿಗಿಂತ ಹೆಚ್ಚಿನ ವಾರಸುದಾರರೇನಲ್ಲ. ಆದರೂ ಚೀಟಿಯಲ್ಲಿ ಬರೆದದ್ದು ಬರೆದದ್ದೇ. ಕಾರಣ ಕೇಳಬಾರದೆಂಬ ಷರತ್ತು ಇಂಥ ಹೊತ್ತಿಗೇ ಬೇಕಾಗುವುದು. ಜೊತೆಗೆ ಹೋಗುವವರಿಗೆ ಅಲ್‌ಹಂಬ್ರಾದ ಗೋಡೆಯ ಕೆತ್ತನೆ ಬೇಸರ ತರಿಸಬಹುದು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದವರ ಮನಸ್ಸಿನಲ್ಲಿ ಇಂಥದೊಂದು ಊರಿತ್ತು ಎಂಬುದನ್ನು ಕಾಣಲಾದರೂ ಅವರು ಹೋಗಬೇಕು.

ಈಗ ಎರಡನೆಯ ಪ್ರಶ್ನೆ. ಪ್ಯಾರಿಸಿನ ಸೇನ್ ನದಿಯ ಮೇಲೆ ಪೋಂ ದೆ ಆರ್ ಎಂಬ ಕಾಲುಸೇತುವೆ ಇದೆ. ಪ್ರೇಮಿಗಳು, ದಂಪತಿಗಳು ಹೆಸರು ಬರೆದ ಬೀಗವನ್ನು ಅದರ ಕಂಬಿಗೆ ಹಾಕಿ ಕೀಲಿಯನ್ನು ನದಿಗೆ ಎಸೆಯುತ್ತಿದ್ದರು. ಒಂದು ಬೀಗದ ಭಾರ ಏನು ಮಹಾ? 2014ರ ಜೂನ್‌ನಲ್ಲಿ ಆ ಭಾರಕ್ಕೆ ಕಟಕಟೆಯ ಒಂದು ಭಾಗ ಕುಸಿಯಿತು. ಮರುವರ್ಷ ನಗರಸಭೆ ಸುಮಾರು 45 ಟನ್ ಬೀಗಗಳನ್ನು ಕಿತ್ತು ಸಾಗಿಸಿತು. ಆ ಸೇತುವೆ ಯಾರೋ ದಿನಾ ಕೆಲಸಕ್ಕೆ ನಡೆದುಹೋಗುವ ದಾರಿ ಎಂಬುದು ಕೀಲಿ ಎಸೆದವರಲ್ಲಿ ಎಷ್ಟು ಜನಕ್ಕೆ ಹೊಳೆದಿತ್ತೋ!

ವೆನಿಸಿನ ಕತೆ ಇನ್ನೂ ಕಠಿಣ. 1951ರಲ್ಲಿ ಅದರ ಹಳೆಯ ನಗರದಲ್ಲಿ ಸುಮಾರು ಒಂದು ಲಕ್ಷ ಎಪ್ಪತ್ತೈದು ಸಾವಿರ ಜನ ವಾಸವಿದ್ದರು. 2022ರಲ್ಲಿ ಅದು ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಎಲ್ಲರೂ ಪ್ರವಾಸಿಗಳಿಂದಲೇ ಹೋದರೆಂದಲ್ಲ. ನೀರು ಏರುತ್ತದೆ, ಬೇರೆ ಕೆಲಸವಿಲ್ಲ, ಹಳೆಯ ಮನೆಯ ರಿಪೇರಿ ದುಬಾರಿ. ಆದರೆ ಖಾಲಿಯಾದ ಮನೆಗೆ ಇನ್ನೊಂದು ಸಂಸಾರ ಬರುವ ಬದಲು ದಿನದ ಬಾಡಿಗೆಯವರು ಬಂದರು. 2024ರ ಏಪ್ರಿಲ್ 25ರಿಂದ, ಜನ ಹೆಚ್ಚುವ ಕೆಲವು ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರು ಐದು ಯೂರೋ ಕೊಡಬೇಕೆಂದು ಗೊತ್ತುಮಾಡಿದರು. ಸುಂಕ ಕಟ್ಟಿದವರಿಗೆ ಒಂದು ಸಮಾಧಾನ ಸಿಗುತ್ತದೆ, ‘ಕೊಟ್ಟಿದ್ದೇವಲ್ಲ’ ಎಂದು. ನಮಗೆ ಆ ಸಮಾಧಾನದ ಮೇಲೆಯೇ ನಂಬಿಕೆಯಿಲ್ಲ. ಒಂದು ಊಟದ ಬೆಲೆಗೂ ಸಾಲದ ಹಣಕ್ಕೆ ಒಬ್ಬರ ಓಣಿಯಲ್ಲಿ ನಡೆಯುವ ಪರವಾನಗಿ ಸಿಗುವುದು ಸರಿಯೇ ಇರಬಹುದು, ಆದರೆ ಅಲ್ಲಿ ಹೇಗೆ ನಡೆಯಬೇಕೆಂಬ ಪ್ರಶ್ನೆ ಅದರಿಂದ ತೀರುವುದಿಲ್ಲ.

ನಮಗೆ ನಿಜವಾಗಿ ಕಷ್ಟಕೊಟ್ಟದ್ದು ಅಡುಗೆಮನೆ. ನಮ್ಮಂಥವರಿಗೆ ಹೋಟೆಲಿಗಿಂತ ಅಡುಗೆಮನೆ ಇರುವ ಬಾಡಿಗೆ ಫ್ಲ್ಯಾಟೇ ಅನುಕೂಲ. ಹಲಾಲ್ ಮಾಂಸ ತಂದು ಬೇಯಿಸಿಕೊಳ್ಳಬಹುದು, ಅನ್ನ ಸಾರು ಮಾಡಿಕೊಳ್ಳಬಹುದು, ಖರ್ಚೂ ಕಡಿಮೆ. ಆದರೆ ಬಾರ್ಸಿಲೋನಾದಂಥ ನಗರಗಳಲ್ಲಿ ಬಾಡಿಗೆ ಏರಿ ಊರಿನವರೇ ಮನೆ ಸಿಗದೆ ಹೊರಹೋಗಲು ಇಂಥ ಫ್ಲ್ಯಾಟುಗಳೂ ಒಂದು ಕಾರಣ. 2024ರ ಜುಲೈಯಲ್ಲಿ ಅಲ್ಲಿಯ ಪ್ರತಿಭಟನೆಕಾರರು ಪ್ರವಾಸಿಗಳಿಗೆ ನೀರಿನ ಪಿಸ್ತೂಲಿನಿಂದ ನೀರು ಚಿಮ್ಮಿಸಿದರು. ಸುಮಾರು ಹತ್ತು ಸಾವಿರ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರಿನೊಳಗೆ ಕೊನೆಗೊಳಿಸುವುದಾಗಿ ಆ ನಗರದ ಮೇಯರ್ ಅದಕ್ಕೂ ಮೊದಲೇ ಸಾರಿದ್ದರು. ನಮ್ಮ ಊಟದ ನೇಮ ನಮಗೆ ಮುಖ್ಯ. ಇನ್ನೊಬ್ಬರ ಸೂರು ಅವರಿಗೆ ಅದಕ್ಕಿಂತ ಮುಖ್ಯ. ಹಾಗೆ ನೋಡಿದರೆ ನಮ್ಮ ಕಷ್ಟ ಅಷ್ಟು ದೊಡ್ಡದೂ ಅಲ್ಲ. ವಿಯೆನ್ನಾದಲ್ಲಿ ತುರ್ಕಿಯವರ, ಪ್ಯಾರಿಸಿನಲ್ಲಿ ಮೊರಾಕೊ ಅಲ್ಜೀರಿಯಾದವರ ಊಟದ ಅಂಗಡಿಗಳು ಬೇಕಾದಷ್ಟಿವೆ. ಮೀನಿದೆ, ತರಕಾರಿ ಇದೆ. ಹದಿನಾಲ್ಕು ದಿನ ಸಾರಿಲ್ಲದೆ ಬದುಕಬಹುದು, ನಾಲ್ಕನೆಯ ದಿನ ಕಣ್ಣಿಗೆ ಬರುತ್ತದೆ ಅಷ್ಟೆ. ಹೋಟೆಲಿನ ಕೋಣೆಯನ್ನೇ ಹಿಡಿಯುವುದೆಂದು ತೀರ್ಮಾನಿಸಿದೆವು.

‘ಹಾಗಾದರೆ ಒಂದೇ ಊರಿಗೆ ಹೋಗಿ ನಿಧಾನವಾಗಿ ನೋಡಿ’ ಎಂಬ ಉಪದೇಶ ಈಗ ಎಲ್ಲೆಡೆ ಕೇಳುತ್ತದೆ. ಲೆಕ್ಕವೂ ಅದರ ಪರವಾಗಿಯೇ ಇದೆ. ಪ್ಯಾರಿಸಿನಿಂದ ಆಮ್‌ಸ್ಟರ್‌ಡಾಮಿಗೆ ರೈಲಿನಲ್ಲಿ ಮೂರೂಕಾಲು ಗಂಟೆಯ ಮೇಲೆ, ಪ್ರಾಗಿನಿಂದ ವಿಯೆನ್ನಾಕ್ಕೆ ಸುಮಾರು ನಾಲ್ಕು. ಪೆಟ್ಟಿಗೆ ಕಟ್ಟಿ ಬಿಚ್ಚುವುದು ಸೇರಿದರೆ ಪ್ರತಿ ಊರು ಬದಲಿಸಿದಾಗಲೂ ಮುಕ್ಕಾಲು ಹಗಲು ಹೋಯಿತು. ಆದರೆ ಈ ಉಪದೇಶ ಹೆಚ್ಚಾಗಿ ಮತ್ತೆ ಬರಬಲ್ಲವರ ಬಾಯಿಂದ ಬರುತ್ತದೆ. ಯೂರೋಪಿನ ಗುಂಪು ಪ್ರವಾಸದಲ್ಲಿ ಎಂಟು ದಿನಕ್ಕೆ ಆರು ದೇಶ ಓಡುವ ನಮ್ಮ ನಿವೃತ್ತ ಮೇಷ್ಟ್ರು, ಅಂಗಡಿಯ ಯಜಮಾನರು, ಅವರ ಹೆಂಡಂದಿರು ನಗೆಪಾಟಲಿಗೆ ತಕ್ಕವರಲ್ಲ. ಅವರಿಗೆ ಇನ್ನೊಂದು ಸಲ ಎಂಬುದಿಲ್ಲ. ಬೇಗ ನೋಡುವುದು ಅವರ ಮಟ್ಟಿಗೆ ಲೋಭವಲ್ಲ.

ಇಂಥ ಪ್ರವಾಸದಿಂದ ದಾಂಪತ್ಯ ಗಟ್ಟಿಯಾಗುತ್ತದೆ ಎಂಬ ಮಾತೂ ಇದೆ. ಜಂಜೀರಾ ಸಂಸ್ಥಾನದ ನವಾಬ ಸಿದಿ ಅಹಮದ್ ಖಾನ್ ಮತ್ತು ಬೇಗಂ ನಾಜ್ಲಿ 1908ರಲ್ಲಿ ಯೂರೋಪಿಗೆ ಹೋಗಿದ್ದರು; ಬೇಗಮರ ತಂಗಿ ಅತಿಯಾ ಫೈಜಿಯೂ ಜೊತೆಗಿದ್ದರು. ಲಂಡನ್, ಪ್ಯಾರಿಸ್ ನೋಡಿ ಇಸ್ತಾಂಬೂಲಿನವರೆಗೂ ಹೋದರು. ಬೇಗಂ ಅದನ್ನೆಲ್ಲ ಉರ್ದುವಿನಲ್ಲಿ ಬರೆದರು. ‘ಸೈರ್-ಎ-ಯೂರೋಪ್’ ಹೆಂಗಸೊಬ್ಬರು ಬರೆದ ಮೊದಮೊದಲ ಉರ್ದು ಪ್ರವಾಸಕಥನಗಳಲ್ಲಿ ಒಂದು. ಕೆಲವೇ ವರ್ಷಗಳಲ್ಲಿ ನವಾಬರು ಮಕ್ಕಳಿಗಾಗಿ ಇನ್ನೊಂದು ಮದುವೆಯಾದರು, ಈ ದಾಂಪತ್ಯ ತಲಾಖಿನಲ್ಲಿ ಮುಗಿಯಿತು. ಪುಸ್ತಕ ಉಳಿಯಿತು. ಯೂರೋಪಿಗೆ ಹೋದದ್ದರಿಂದ ಮುರಿಯಿತೆಂದಲ್ಲ, ಹೋದದ್ದರಿಂದ ಉಳಿಯಲೂ ಇಲ್ಲ. ಎಫೆಲ್ ಗೋಪುರದ ಮುಂದಿನ ಫೋಟೋ ನೋಡಿ ‘ಎಷ್ಟು ಸುಖವಾಗಿದ್ದಾರೆ’ ಎನ್ನುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಸದ್ಯಕ್ಕೆ ನಮ್ಮ ಕಾಗದದ ಮೇಲಿರುವುದು ಹೀಗೆ. ಗ್ರಾನಡಾದಲ್ಲಿ ನಾಲ್ಕು ರಾತ್ರಿ, ಕೊರ್ಡೊಬಾದಲ್ಲಿ ಎರಡು. ಅಲ್‌ಹಂಬ್ರಾದ ನಸ್ರಿದ್ ಅರಮನೆಗಳಿಗೆ ಟಿಕೇಟಿನಲ್ಲಿ ನಮೂದಿಸಿದ ಹೊತ್ತಿಗೇ ಹೋಗಬೇಕು, ಟಿಕೇಟಿನಲ್ಲಿ ಹೆಸರಿರುತ್ತದೆ; ಆದ್ದರಿಂದ ಅದನ್ನು ಮೊದಲೇ ತೆಗೆದಿಡಬೇಕು. ಅಲ್ಲಿಂದ ಮಲಗಾ, ಮ್ಯೂನಿಕ್ ಮೂಲಕ ಆಸ್ಟ್ರಿಯಾದ ಇನ್ಸ್‌ಬ್ರುಕ್. ಆ ಊರಿನ ನಡುಮಧ್ಯದಿಂದಲೇ ಹಿಮದ ಬೆಟ್ಟಕ್ಕೆ ಬಂಡಿ ಹತ್ತಬಹುದು. 2007ರ ಆ ನಿಲ್ದಾಣಗಳ ವಿನ್ಯಾಸ ಬಾಗ್ದಾದಿನಲ್ಲಿ ಹುಟ್ಟಿದ ಜಹಾ ಹದೀದ್ ಅವರದು, ಹಿಮವೇ ಬಂದು ನಿಂತಂತೆ ಕಾಣುವ ಗಾಜಿನ ಮಾಡು. ಮೇಲಿನ ನಿಲ್ದಾಣ ಎರಡು ಸಾವಿರದ ಇನ್ನೂರು ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಐದು ರಾತ್ರಿ. ರಾತ್ರಿಗಳು ಸ್ಪೇನಿನಲ್ಲಿ ಹೆಚ್ಚಾದ್ದರಿಂದ ಅರ್ಜಿ ಸ್ಪೇನಿಗೆ.

ಪ್ಯಾರಿಸ್ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಯೂರೋಪಿಗೆ ಹೋಗಿ ಪ್ಯಾರಿಸ್ ನೋಡದೆ ಬಂದರೆ ನೆಂಟರಿಗೆ ಏನು ಹೇಳುವುದು, ಬರುವಾಗ ಒಂದು ದಿನ ಇಳಿದು ಬರೋಣ ಎಂದು ಒಬ್ಬರ ವಾದ. ಅದಕ್ಕೆ ಇನ್ಸ್‌ಬ್ರುಕ್ಕಿನ ಒಂದು ರಾತ್ರಿಯನ್ನು ಕಡಿಯಬೇಕು, ಗ್ರಾನಡಾದಿಂದ ಏಕೆ ಕಡಿಯಬಾರದು ಎಂದು ಇನ್ನೊಬ್ಬರ ಆಕ್ಷೇಪ. ಆ ಮಾತು ಇನ್ನೂ ನಡೆಯುತ್ತಿದೆ.